ಚೆಲುವರಾಜುವಿನ ಮೂಗಿನಲ್ಲಿ ಶಂಖ ಊದಿದ್ದು

ಭಗವಂತ ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ. ಬೇಡವೆನ್ನಿಸಿದಾಗ ಮುಚ್ಚಿಕೊಳ್ಳಲಿ ಎಂದು. ಮೂಗಿಗೆ ಮಾತ್ರ ಬಾಗಿಲಿಡಲಿಲ್ಲ. ಉಸಿರು ತನ್ನದು, ಅದು ಬಂದು ಹೋಗುವ ದಾರಿ ಸದಾ ತೆರೆದಿರಲಿ ಎಂದುಕೊಂಡನೋ ಏನೋ. ಅಂಥ ಬಾಗಿಲಿಲ್ಲದ ಮನೆಗೆ ಒಂದು ಮಳೆಗಾಲ ಒಳಗಿನಿಂದ ಅಗುಳಿ ಬಿದ್ದ ಸಂಗತಿ ಇದು. ನಿಧಾನವಾಗಿ ಹೇಳುತ್ತೇನೆ, ಕೇಳಬೇಕು.

ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ಮಾರನೆಯ ವರ್ಷ. ಮೈಸೂರಿನ ಮಂಡಿ ಮೊಹಲ್ಲದಲ್ಲಿ ಶಿವಲಿಂಗಯ್ಯನವರದು ಒಂದು ಊದುಬತ್ತಿ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಹೆಂಚಿನ ಎರಡು ಅಂಕಣ, ಹಿತ್ತಲಲ್ಲಿ ಬತ್ತಿ ಒಣಗಿಸುವ ಚಾಪೆಗಳು. ಅಲ್ಲಿ ಮಸಾಲೆ ಕೂಡಿಸುವವನು ಚೆಲುವರಾಜು. ಗಂಧದ ಪುಡಿ, ಹಾಲುಮಡ್ಡಿ, ಲಾವಂಚ, ಕಚೋರ ಯಾವುದು ಎಷ್ಟು ಬೀಳಬೇಕು ಎಂದು ಹೇಳುವುದಕ್ಕೆ ಅವನ ಹತ್ತಿರ ತಕ್ಕಡಿ ಇರಲಿಲ್ಲ. ತೆಂಗಿನ ಚಿಪ್ಪಿನ ಒಂದು ಸಣ್ಣ ಸೌಟಿತ್ತು, ಅದಕ್ಕಿಂತ ಮೇಲಾಗಿ ಮೂಗಿತ್ತು. ಬುಟ್ಟಿಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಶಿವಪೂಜೆಗೆ ಕೂತವನ ಹಾಗೆ ಒಂದು ಗಳಿಗೆ ಸುಮ್ಮನಿದ್ದು, "ಕಚೋರ ಒಂದು ಚಿಟಿಕೆ ಮುಂದೆ ಹೋಗಿದೆ, ಹಿಂದಕ್ಕೆ ಕರೀರಿ" ಎನ್ನುವನು. ಹಾಗೆ ಕರೆದ ಮೇಲೆ ಬತ್ತಿ ದೇವರಿಗೆ ಒಪ್ಪುತ್ತಿತ್ತು. ಬೀದಿಯ ಜನ ಅವನನ್ನು ಕರೆಯುತ್ತಿದ್ದದ್ದೇ ಮೂಗಿನ ಚೆಲುವರಾಜು ಎಂದು.

ಅವನಿಗೆ ಮದುವೆಯಾದದ್ದೂ ಮೂಗಿನ ಪುಣ್ಯದಿಂದಲೇ. ವರುಣದ ಕಡೆಯ ಹಳ್ಳಿಗೆ ಹೆಣ್ಣು ನೋಡಲು ಹೋಗಿದ್ದಾಗ, ಹಜಾರದಲ್ಲಿ ಹಿರಿಯರು ಗೋತ್ರ ಮನೆತನ ಮಾತಾಡುತ್ತಿದ್ದರೆ, ಮದುಮಗ ತಲೆಯೆತ್ತಿ, "ಒಳಗೆ ಉಪ್ಪಿಟ್ಟು ತಳ ಹಿಡೀತಾ ಇದೆ" ಎಂದುಬಿಟ್ಟ. ಹೆಣ್ಣಿನ ತಂದೆಯ ಮುಖ ಕೆಂಪಾಯಿತು. ಇವನ ಚಿಕ್ಕಪ್ಪ ಇವನ ತೊಡೆ ಜಿಗುಟಿದ. ಆದರೆ ಬಾಗಿಲ ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನಕ್ಕವಳು ಶಿವನಂಜಮ್ಮ. ಆ ನಗುವಿಗೇ ಚೆಲುವರಾಜು ಸೋತದ್ದು. ಅಂದಿನಿಂದ ಅವರ ಮನೆಯಲ್ಲಿ ಒಂದು ಕಟ್ಟಳೆ ನಡೆದುಬಂದಿತ್ತು. ಅವಳು ಅಡುಗೆಗಿಟ್ಟು ಹೂ ಕಟ್ಟುತ್ತಲೋ ನೆರೆಯವರ ಹತ್ತಿರ ಮಾತಾಡುತ್ತಲೋ ಮೈಮರೆಯುವುದು, ಇವನು ಜಗಲಿಯಿಂದ "ಲೇ, ತಳ ಹಿಡೀತು!" ಎಂದು ಕೂಗುವುದು, ಅವಳು "ಬಂದೆ ಕಣ್ರೀ" ಎಂದು ಓಡುವುದು. ಮಕ್ಕಳಿಲ್ಲದ ಮನೆಯಲ್ಲಿ ಅದೇ ಒಂದು ಆಟ.

ಆ ಆಷಾಢದಲ್ಲಿ ಚೆಲುವರಾಜುವಿಗೆ ನೆಗಡಿಯಾಯಿತು. ನೆಗಡಿ ಯಾರಿಗೆ ಆಗುವುದಿಲ್ಲ? ಬಂತು, ಹೋಯಿತು. ಹೋಗುವಾಗ, ಉಂಡ ಮನೆಯ ತಂಬಿಗೆ ಎತ್ತಿಕೊಂಡು ಹೋದ ನೆಂಟನ ಹಾಗೆ, ವಾಸನೆಯನ್ನೂ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ಎದ್ದು ನೋಡುತ್ತಾನೆ, ಲೋಕಕ್ಕೆ ಪರಿಮಳವೇ ಇಲ್ಲ. ಗಂಧ ಮಣ್ಣಿನಂತಿದೆ, ಮಣ್ಣು ಏನೂ ಅಲ್ಲದಂತಿದೆ.

ಇಂಥ ಹೊತ್ತಿನಲ್ಲಿ ಸರಳವಾದ ಮನುಷ್ಯ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಚೆಲುವರಾಜು ಸರಳನೇ, ಆದರೆ ಅವನ ಮೂಗಿಗೆ ಹೆಸರಿತ್ತಲ್ಲ. ಹೆಸರಿದ್ದವರಿಗೆ ಸರಳತನ ಕಷ್ಟ. ಅವನು ಬುಟ್ಟಿಯ ಮೇಲೆ ಬಾಗುವುದನ್ನು ಬಿಡಲಿಲ್ಲ, ಕಣ್ಣು ಮುಚ್ಚುವುದನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಮಾಡಿದ, ಮತ್ತು ಕೈಗೆ ಬಂದ ಅಂದಾಜಿನಲ್ಲಿ "ಹೂಂ, ಲಾವಂಚ ಸ್ವಲ್ಪ" ಎಂದ. ಮನೆಯಲ್ಲಿ ಹೆಂಡತಿ ಏನು ಬಡಿಸಿದರೂ ಒಂದೇ ಮಾತು: "ಘಮ್ಮಂತದೆ ಕಣೇ."

ಒಂದು ಸಂಜೆ ಕಾರ್ಖಾನೆಯಿಂದ ಬಂದವನು ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆ ನೋಡಿ, "ಏನ್ ಸಾರೇ ಇವತ್ತು? ಘಮಲು ಬೀದಿ ತುದಿವರೆಗೂ ಬಂದದೆ!" ಎಂದ.

"ಅದು ತಲೆಗೆ ಹಾಕ್ಕೊಳೋ ಸೀಗೇಕಾಯಿ ಕಣ್ರೀ."

ಚೆಲುವರಾಜು ಒಂದು ಕ್ಷಣವೂ ತಡಮಾಡಲಿಲ್ಲ. "ಅದೇ ಅಂದಿದ್ದು. ಎಂಥಾ ಸೀಗೇಕಾಯಿ ಅಂತೀನಿ!"

ಶಿವನಂಜಮ್ಮ ಅವನ ಮುಖವನ್ನೇ ನೋಡಿದಳು. ಆ ದಿನದಿಂದ ವಠಾರದ ನಲ್ಲಿಯ ಹತ್ತಿರ ಅವಳು ತಳ ಕರಿಯಾದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುವುದು ದಿನವೂ ಕಾಣತೊಡಗಿತು. ಒಂದು ದಿನ ಹುರುಳಿಕಟ್ಟಿನ ಪಾತ್ರೆ, ಒಂದು ದಿನ ಅನ್ನದ್ದು. ಪಕ್ಕದ ಮನೆಯ ಪುಟ್ಟಬಸಮ್ಮ, ವಠಾರದಲ್ಲೆಲ್ಲ ಹಿರಿಯಳು, "ಇದೇನಮ್ಮ ಶಿವನಂಜಿ, ಕೈ ಹದ ತಪ್ಪೋಯ್ತಾ?" ಎಂದು ಕೇಳಿದರೆ, "ಹೂ ಕಣಮ್ಮ, ಗ್ಯಾನ ಇರದಿಲ್ಲ" ಎಂದು ಮತ್ತೆ ತಿಕ್ಕುವಳು.

ಕಾರ್ಖಾನೆಯಲ್ಲಿ ಗುಟ್ಟು ಹೊರಬಿದ್ದದ್ದು ಲಾವಂಚದ ಮೂಟೆಯಿಂದ. ಒಂದು ಬೆಳಿಗ್ಗೆ ಆ ಮೂಟೆ ಬಿಚ್ಚಿದ್ದೇ ತಡ, ಕೆಲಸದವರೆಲ್ಲ ಮೂಗಿಗೆ ಬಟ್ಟೆ ಹಿಡಿದು ಹಿತ್ತಲಿಗೆ ಓಡಿದರು. ಶಿವಲಿಂಗಯ್ಯನವರು ವಿಭೂತಿ ಹಣೆಯನ್ನು ಗಂಟು ಹಾಕಿಕೊಂಡು, "ಏನಯ್ಯ ಚೆಲುವರಾಜು, ಏನಾಗಿದೆ ನೋಡು ಇದಕ್ಕೆ" ಎಂದರು.

ಚೆಲುವರಾಜು ಮೂಟೆಯೊಳಕ್ಕೆ ಕುತ್ತಿಗೆಯವರೆಗೆ ಬಾಗಿದ. ಒಳ್ಳೆ ದೀರ್ಘವಾಗಿ ಉಸಿರೆಳೆದ. ಕಣ್ಣು ಮುಚ್ಚಿದ. "ಲಾವಂಚ ಹಳೇದು ಬುದ್ಧಿ. ಆದ್ರೆ ಹಿಂದ್ಗಡೆಯಿಂದ ಒಂದು ಗಂಭೀರವಾದ ಸುವಾಸನೆ ಬತ್ತಾ ಅದೆ. ಕಸ್ತೂರಿ ಜಾತಿದು. ಮಠದ ಬತ್ತಿಗೆ ಹೇಳಿ ಮಾಡಿಸ್ದಂಗದೆ."

ಅವನ ಕೈಕೆಳಗಿನ ಕಾಳಯ್ಯ ಮೂಗು ಹಿಡಿದುಕೊಂಡೇ ಬಂದು, ಇಕ್ಕಳ ಹಾಕಿ, ಮೂಟೆಯೊಳಗಿಂದ ಸತ್ತು ಎಷ್ಟೋ ದಿನವಾಗಿದ್ದ ಹೆಗ್ಗಣವೊಂದನ್ನು ಬಾಲ ಹಿಡಿದೆತ್ತಿದ. "ಅಣ್ಣೋ, ಕಸ್ತೂರಿ ಅಂದ್ರೆ ಇದೇನಾ?"

ಯಾರೂ ನಗಲಿಲ್ಲ. ಶಿವಲಿಂಗಯ್ಯನವರು ಬಯ್ಯಲೂ ಇಲ್ಲ; ಬಯ್ದಿದ್ದರೆ ವಾಸಿಯಿತ್ತು. ಹೆಗಲ ಮೇಲೆ ಕೈಯಿಟ್ಟು, "ಎಷ್ಟು ದಿನದಿಂದಪ್ಪ?" ಎಂದರು. ಚೆಲುವರಾಜು ತಲೆ ತಗ್ಗಿಸಿದ. "ನೋಡು, ಶ್ರಾವಣದ ಕಡೇ ಸೋಮವಾರ ಮಠದ ಆರಾಧನೆ ಬತ್ತಿಗೆ ಮಸಾಲೆ ಕೂಡಿಸಬೇಕು. ಅಷ್ಟರಲ್ಲಿ ನಿನ್ನ ಮೂಗು ಬಂದ್ರೆ ನೀನೇ ಕೂಡಿಸು. ಇಲ್ಲಾಂದ್ರೆ ಕಾಳಯ್ಯ ಕೂಡಿಸ್ಲಿ, ನೀನು ಕಡ್ಡಿ ಸೀಳ್ಕೊಂಡಿರು. ಸ್ವಾಮಿ ಸೇವೇಲಿ ಅಂದಾಜು ನಡಿಯಲ್ಲ. ಮೊದ್ಲು ಡಾಕ್ಟ್ರ ಹತ್ರ ಹೋಗು."

ಕಿವಿ ಮೂಗಿನ ಡಾಕ್ಟರು ಕರಿಬಸವಯ್ಯನವರು ಬಹಳ ಒಳ್ಳೆಯವರು. ರೋಗಕ್ಕಿಂತ ಭಾಷೆಯ ಮೇಲೆ ಅವರಿಗೆ ಒಂದು ಕೂದಲೆಳೆಯಷ್ಟು ಹೆಚ್ಚು ಪ್ರೀತಿ, ಅಷ್ಟೇ. ರಾಜ್ಯ ಒಂದಾದಾಗಿನಿಂದ, ವೈದ್ಯವೆಲ್ಲ ಕನ್ನಡದಲ್ಲೇ ನಡೆಯಬೇಕೆಂದು ಹಟ ಹಿಡಿದಿದ್ದರು. ಗೋಡೆಯ ಚಿತ್ರಪಟದಲ್ಲಿದ್ದ ಲ್ಯಾಟಿನ್ ಹೆಸರುಗಳ ಮೇಲೆಲ್ಲ ಕನ್ನಡದ ಚೀಟಿ ಅಂಟಿಸಿದ್ದರು. ಕಿವಿಯೊಳಗೆ ತಮಟೆ, ಸುತ್ತಿಗೆ, ಬಸವನಹುಳು, ಮೂಗಿನೊಳಗೆ ಶಂಖ. ಚೆಲುವರಾಜು ಬಾಗಿಲಲ್ಲಿ ಕಾಯುತ್ತಿದ್ದಾಗ ಒಳಗಿದ್ದ ರೋಗಿಗೆ, "ನಿಮ್ಮ ತಮಟೆ ಹರಿದಿದೆ" ಎಂದು ಹೇಳುತ್ತಿದ್ದರು. ಆ ಮನುಷ್ಯ, "ತಮಟೆ ನಮ್ಮ ಮನೇಲಿ ಯಾವತ್ತೂ ಇರ್ಲಿಲ್ಲ ಸಾರ್, ಯಾರೋ ಆಗದವರು ಹೇಳಿರ್ಬೇಕು" ಎಂದು ವಾದಿಸುತ್ತಿದ್ದ.

ಚೆಲುವರಾಜುವಿನ ಸರದಿ ಬಂತು. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ಒಂದು ಹೊಳ್ಳೆ ನೋಡಿದರು, ಇನ್ನೊಂದು ನೋಡಿದರು. ಸಂತೋಷದಿಂದ ತಲೆಯಾಡಿಸಿದರು.

"ಲ್ಯಾಟಿನ್ ಜನ ಬುದ್ಧಿವಂತರು ಕಣ್ರೀ. ಒಂದು ಪದ ಸಿಕ್ಕಿದರೆ ಸಾಕು, ಅದರಲ್ಲೇ ಸಂಸಾರ ನಡೆಸಿಬಿಡ್ತಾರೆ. ಕಾಂಕ ಅಂತ ಒಂದು ಪದ. ಸಮುದ್ರದ ಚಿಪ್ಪಿಗೂ ಕಾಂಕ, ಕಿವಿಯ ಗುಳಿಗೂ ಕಾಂಕ, ಮೂಗಿನೊಳಗೆ ಸುರುಳಿ ಸುತ್ತಿಕೊಂಡಿರೋ ಮೂಳೆಗೂ ಕಾಂಕ. ನಮ್ಮ ಶಂಖಾನೇ ಅದು! ಶಂಖ, ಕಾಂಕ, ಅಕ್ಕತಂಗಿಯರು. ನಿಮಗೇನೂ ಮುಚ್ಚಿಡೋದಿಲ್ಲ. ನಿಮ್ಮ ಶಂಖ ಊದಿದೆ."

ಚೆಲುವರಾಜು ಕೂತಲ್ಲಿಂದ ಎದ್ದು ನಿಂತ. ಅವನ ಹಳ್ಳಿಯಲ್ಲಿ ಶಂಖ ಊದುವುದು ಎಂದರೆ ಒಂದೇ ಅರ್ಥ. ಕೆಸರೆಯಿಂದ ದಾಸಯ್ಯ ಬಂದು ಹೆಣದ ಮುಂದೆ ಜಾಗಟೆ ಬಡಿದು ಊದುತ್ತಾನೆ. ಇವನ ತಾತನಿಗೆ ಊದಿದರು, ಅಪ್ಪನಿಗೆ ಊದಿದರು.

"ಊದಿದ್ಯಾ ಸ್ವಾಮಿ?" ಎಂದ.

"ಎರಡೂ ಕಡೆ ಊದಿದೆ."

"ಯಾವಾಗ ಊದ್ತು?"

"ಒಂದು ತಿಂಗಳಾಗಿರಬೇಕು. ಇನ್ನೂ ಮುಂಚೆ ಬರಬೇಕಿತ್ತು ನೀವು."

"ಇನ್ನೆಷ್ಟು ದಿನ ಸ್ವಾಮಿ?"

ಡಾಕ್ಟರು ನಕ್ಕು ಬೆನ್ನು ತಟ್ಟಿದರು. "ಹೆದರಬೇಡಿ. ಶ್ರಾವಣ ಮುಗಿಯೋದರೊಳಗೆ ಎಲ್ಲಾ ಮುಗಿಯುತ್ತೆ."

"ನೋವು..."

"ಏನೇನೂ ಇಲ್ಲ. ಹಗುರವಾಗಿ ಹೋಗುತ್ತೆ. ನಿಮಗೆ ಗೊತ್ತೇ ಆಗೋದಿಲ್ಲ." ಒಂದು ಸಣ್ಣ ಬಾಟಲಿ ಹನಿಮದ್ದು ಕೊಟ್ಟು, ನೀಲಗಿರಿ ಎಣ್ಣೆ ಹಾಕಿ ಬಿಸಿನೀರಿನ ಹಬೆ ತೆಗೆದುಕೊಳ್ಳಲು ಹೇಳಿ, ಮುಂದಿನವರನ್ನು ಕರೆದರು.

ಚೆಲುವರಾಜು ಮನೆಗೆ ನಡೆದೇ ಬಂದ. ಲೋಕ ಎಂದಿನಂತೆಯೇ ಇತ್ತು. ಜಟಕಾದವರು ಬಯ್ದಾಡುತ್ತಿದ್ದರು, ಮಾರುಕಟ್ಟೆಯಲ್ಲಿ ವೀಳ್ಯದೆಲೆಗೆ ನೀರು ಚಿಮುಕಿಸುತ್ತಿದ್ದರು. ಯಾರಿಗೂ ಇವನ ಶಂಖ ಕೇಳಿಸಿದ ಹಾಗಿರಲಿಲ್ಲ. ವಠಾರದ ನಲ್ಲಿಯ ಹತ್ತಿರ ಪುಟ್ಟಬಸಮ್ಮ ಸಿಕ್ಕಿದಳು.

"ಏನಂದ್ರಪ್ಪ ಡಾಕ್ಟ್ರು?"

"ಊದಿದ್ಯಂತೆ ಕಣವ್ವ."

"ಏನು?"

"ಶಂಖ."

ಪುಟ್ಟಬಸಮ್ಮನ ಕೊಡ ಕೈಜಾರಿತು. ಅವಳಿಗೆ ತಕ್ಷಣ ಇನ್ನೊಂದು ನೆನಪಾಯಿತು. "ಅಯ್ಯೋ ನನ್ನಪ್ಪ! ನಮ್ಮಜ್ಜಿ ಹೇಳೋಳು, ಕಾಲ ಹತ್ರ ಬಂದೋನ್ಗೆ ಆರೋದ ದೀಪದ ಬತ್ತಿ ವಾಸ್ನೆ ತಿಳಿಯಾಕಿಲ್ಲ ಅಂತ. ನಿಂಗೆ ತಿಳೀತದಾ?"

"ನಂಗೆ ಹೆಗ್ಗಣದ ವಾಸ್ನೇನೇ ತಿಳೀಲಿಲ್ಲ."

ಅಷ್ಟು ಸಾಕಾಯಿತು. ಅಂಗಡಿಯಿಂದ ಬಂದ ಶಿವನಂಜಮ್ಮ ನೋಡುತ್ತಾಳೆ, ವಠಾರಕ್ಕೆ ವಠಾರವೇ ತನ್ನ ಜಗಲಿಯಲ್ಲಿ ಕೂತು ಅಳುತ್ತಿದೆ, ನಡುವೆ ಗಂಡ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದಾನೆ. ಅವಳು ಜನರನ್ನು ದಾಟಿ ಬಂದು, "ಮದ್ದು ಕೊಟ್ರಾ?" ಎಂದು ಕೇಳಿದಳು.

"ಬಾಟ್ಲಿ ಜೇಬಲ್ಲದೆ. ಊದಿದ್ಮೇಲೆ ಮದ್ದು ಯಾಕೆ ನಂಜಿ?"

ಅವಳು ಬಾಟಲಿ ತೆಗೆದುಕೊಂಡು ಒಳಗೆ ಹೋದಳು.

ಎದುರು ಮನೆಯ ಪ್ರೇಮಲೀಲಾ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಮೇಡಂ. ವಠಾರದಲ್ಲಿ ಅತ್ಯಂತ ಓದಿದವರು. ಸಂಜೆ ಅವರು ಬಂದು, "ಅಳೋದು ನಿಲ್ಲಿಸಿ. ಡಾಕ್ಟರು ಅಂದ ಪದ ಯಾವುದು, ಸರಿಯಾಗಿ ಹೇಳಿ" ಎಂದರು.

"ಕಾಂಕ ಅಂದ್ರು ಮೇಡಮ್ಮೋರೆ."

ಪ್ರೇಮಲೀಲಾ ಅವರ ಮುಖ ಅರಳಿತು. ಮನೆಗೆ ಓಡಿ ಹೋಗಿ ಭೂಪಟದ ಪುಸ್ತಕ ತಂದು ಜಗಲಿಯ ಮೇಲೆ ಬಿಡಿಸಿದರು. "ನೋಡಿ, ಇದು ಸ್ಪೇನ್ ದೇಶ. ಇಲ್ಲಿ ಮೇಲ್ಗಡೆ ಸಮುದ್ರ ಒಳಕ್ಕೆ ನುಗ್ಗಿದೆ, ಕಾಣ್ತಾ? ಈ ಕೊಲ್ಲಿಯ ಹೆಸರೂ ಅದೇ ಲ್ಯಾಟಿನ್ ಪದ! ದಡ ಚಿಪ್ಪಿನ ಹಾಗೆ ಬಾಗಿದೆ ಅಂತ ಆ ಹೆಸರು."

ಎಲ್ಲರೂ ಸ್ಪೇನ್ ದೇಶವನ್ನು ನೋಡಿದರು. ಆಮೇಲೆ ಚೆಲುವರಾಜುವಿನ ಮೂಗನ್ನು ನೋಡಿದರು. ಆಮೇಲೆ ಮತ್ತೆ ಸ್ಪೇನನ್ನು ನೋಡಿದರು.

"ಸಮುದ್ರ ಒಳಕ್ಕೆ ನುಗ್ಗೈತಂತೆ," ಎಂದಳು ಪುಟ್ಟಬಸಮ್ಮ, ಎಲ್ಲ ಅರ್ಥವಾದವಳಂತೆ. "ಅದ್ಕೇ ಕಣಮ್ಮ ಆಷಾಢದಲ್ಲಿ ಅಷ್ಟೊಂದು ಸೋರ್ತಿದ್ದದ್ದು!"

"ಹಾಗಲ್ಲ ಪುಟ್ಟಬಸಮ್ಮ, ಇದು ಬರೀ ಹೆಸರಿನ ಸಂಬಂಧ..."

"ಸಂಬಂಧ ಅದೆ ಅಂತ ನೀವೇ ಅಂದ್ರಲ್ಲ!" ಅವಳು ಬಗ್ಗಿ ಚೆಲುವರಾಜುವಿನ ಮೂಗಿಗೆ ಕಿವಿಯಿಟ್ಟಳು. ಶಂಖಕ್ಕೆ ಕಿವಿಯಿಟ್ಟರೆ ಸಮುದ್ರ ಕೇಳುತ್ತದೆಂದು ಎಲ್ಲರಿಗೂ ಗೊತ್ತಿದ್ದದ್ದೇ. ವಠಾರ ಉಸಿರು ಬಿಗಿಹಿಡಿಯಿತು. ಚೆಲುವರಾಜು ಮಾತ್ರ ಹಿಡಿಯುವಂತಿರಲಿಲ್ಲ. "ಕೇಳ್ತದೆ ಕಣ್ರಮ್ಮಾ! ಗೊರಗೊರ ಅಂತದೆ, ಅಲೆ ಬಂದಂಗೆ!" ಎಂದಳು ಪುಟ್ಟಬಸಮ್ಮ.

ಸಾಲಾಗಿ ಎಲ್ಲರೂ ಬಂದು ಕೇಳಿಸಿಕೊಂಡರು. ಪ್ರೇಮಲೀಲಾ ಕೂಡ ಕೊನೆಗೆ, ವಿಜ್ಞಾನದ ದೃಷ್ಟಿಯಿಂದ ಎಂದು ಹೇಳಿ, ಒಂದು ಸಲ ಕಿವಿಯಿಟ್ಟರು.

ಚೆಲುವರಾಜು ವಿನಯದಿಂದ ಮೂಗನ್ನು ಅತ್ತಿತ್ತ ತಿರುಗಿಸಿ ಕೊಟ್ಟ. ಆದರೂ ಒಂದು ಸಂದೇಹ ಉಳಿದಿತ್ತು. "ಮೇಡಮ್ಮೋರೆ, ಕಾಣದ ದೇಶದ ಸಮುದ್ರ, ನನ್ನ ಮೂಗು, ದೇವರ ಮನೆ ಶಂಖ, ಎಲ್ಲಕ್ಕೂ ಒಂದೇ ಹೆಸರಾ?"

"ಒಂದೇ."

"ಹಂಗಿದ್ರೆ ಅವ್ನು ಎಲ್ಲಾನೂ ಒಂದೇ ಅಚ್ಚಲ್ಲಿ ಎರಕ ಹೊಯ್ದಿರ್ಬೇಕು," ಎಂದು ಮೇಲೆ ನೋಡಿ ಕೈಮುಗಿದ. ನಗಬೇಕೆಂದಿದ್ದ ಪ್ರೇಮಲೀಲಾ ಅವರಿಗೆ ಯಾಕೋ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಶಿವನಂಜಮ್ಮ ಯಾರಿಗೂ ಹೇಳದೆ ಡಾಕ್ಟರ ಬಾಗಿಲಿಗೆ ಹೋದಳು. ಅವಳಿಗೆ ಲ್ಯಾಟಿನ್ ಬಾರದು, ಸ್ಪೇನ್ ಬೇಕಿರಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಸ್ವಾಮಿ, ನಮ್ಮ ಯಜಮಾನ್ರ ಶಂಖ ಊದ್ಕೊಂಡಿದ್ಯೋ, ಊದ್ಬುಟ್ಟಿದ್ಯೋ?"

ಕರಿಬಸವಯ್ಯನವರು ಕನ್ನಡಕ ತೆಗೆದರು. ಅವಳನ್ನು ನೋಡಿದರು, ಗೋಡೆಯ ಚೀಟಿಗಳನ್ನು ನೋಡಿದರು. ಹಣೆ ಬಡಿದುಕೊಂಡರು. "ಊದಿಕೊಂಡಿದೆ ತಾಯಿ, ಊದಿಕೊಂಡಿದೆ! ಬಾವು! ಹನಿ ಬಿಟ್ಟು ಹಬೆ ಕೊಟ್ಟರೆ ಇಳಿಯುತ್ತೆ. ಅವರಿಗೆ ಹೇಳಿ!"

ಅವಳು ಹೇಳಿದಳು. ಚೆಲುವರಾಜು ಅವಳ ಕೈಹಿಡಿದು, "ನನ್ನ ಸಮಾಧಾನಕ್ಕೆ ಎಷ್ಟು ಚೆನ್ನಾಗಿ ಕಟ್ಟಿ ಹೇಳ್ತೀಯೇ" ಎಂದು ಕಣ್ಣೀರು ತಂದುಕೊಂಡ. ಎರಡನೆಯ ಸಲ ಹೇಳಿದಳು. ಅವನು ಎರಡರಷ್ಟು ಅತ್ತ. ಸಾಯಲು ಗಟ್ಟಿಮನಸ್ಸು ಮಾಡಿದವನನ್ನು ಬದುಕುವುದಕ್ಕೆ ಒಪ್ಪಿಸುವುದು ಸುಲಭವಲ್ಲ. ಶಿವನಂಜಮ್ಮ ವಾದ ಬಿಟ್ಟಳು. ಹಿತ್ತಾಳೆ ಗಿಂಡಿಗೆ ಹನಿಮದ್ದು ಬಗ್ಗಿಸಿಕೊಂಡು ಬಂದು, "ನಂಜುಂಡನ ತೀರ್ಥ. ತಲೆ ಮೇಲಕ್ಕೆತ್ತಿ" ಎಂದಳು.

"ತೀರ್ಥ ಮೂಗಿಗ್ಯಾಕೇ?"

"ಮೂಗಲ್ಲೇ ಅಲ್ವ ಊದಿರೋದು?"

ಅವನು ತಲೆ ಮೇಲಕ್ಕೆತ್ತಿದ. ಹಬೆಯನ್ನು ಅವಳು ಧೂಪಸೇವೆ ಎಂದು ಕೊಟ್ಟಳು, ಕಂಬಳಿ ಹೊದಿಸಿ, ಪಕ್ಕದಲ್ಲಿ ತಾನೂ ಕೂತು ಶಿವನಾಮ ಹೇಳುತ್ತ. ಸ್ವಾಮಿಯ ಹೆಸರು ಹೇಳಿ ಸುಳ್ಳಾಡಿದೆನಲ್ಲ ಎಂದು ಆಮೇಲೆ ದೇವರ ಗೂಡಿನ ಮುಂದೆ ಕೆನ್ನೆ ಬಡಿದುಕೊಳ್ಳುವಳು. ನಂಜುಂಡ ಹಿಂದೊಮ್ಮೆ ವಿಷವನ್ನೇ ಕುಡಿದವನು, ಇಷ್ಟನ್ನು ನುಂಗಿಕೊಂಡಿರಬೇಕು.

ಇತ್ತ ಚೆಲುವರಾಜು ಹೊರಡುವ ಸಿದ್ಧತೆ ನಡೆಸಿದ. ಕೊಡೆಯನ್ನು ಪ್ರೇಮಲೀಲಾ ಅವರಿಗೆ ಕೊಟ್ಟ. ಗೋಡೆ ಗಡಿಯಾರವನ್ನು ಪುಟ್ಟಬಸಮ್ಮನಿಗೆ ಕೊಟ್ಟ. ಅವಳಿಗೆ ಗಂಟೆ ನೋಡಲು ಬಾರದು, ಆದರೂ ಅಳುತ್ತಲೇ ಇಸಿದುಕೊಂಡು ಹೋಗಿ ಮೊಳೆ ಹೊಡೆಸಿದಳು. ತೆಂಗಿನ ಚಿಪ್ಪಿನ ಸೌಟನ್ನು ಮಾತ್ರ ಎರಡು ದಿನ ಕೈಯಲ್ಲೇ ಹಿಡಿದುಕೊಂಡಿದ್ದ. ಮೂರನೆಯ ದಿನ ಕಾಳಯ್ಯನನ್ನು ಕರೆದು ಕೊಟ್ಟ. "ಹಾಲುಮಡ್ಡಿ ಕೂಡಿಸುವಾಗ ಅವಸರ ಮಾಡಬ್ಯಾಡ ಕಣೋ" ಎಂದ. ಕಾಳಯ್ಯ ಸೌಟನ್ನು ಕಣ್ಣಿಗೊತ್ತಿಕೊಂಡು, ಹೆಗ್ಗಣದ ಮಾತಾಡಿದ ನಾಲಗೆ ಬಿದ್ದುಹೋಗಲಿ ಎಂದು ಅಂದುಕೊಂಡು ಹೋದ.

ಊಟಕ್ಕೆ ಕೂತಾಗ ಹೆಂಡತಿಯ ಮೇಲೆ ಅವನಿಗೆ ಬಹಳ ಕನಿಕರ ಬರುತ್ತಿತ್ತು. ಕರಿ ಹಿಡಿದ ಸಾರನ್ನು ಕಲಸಿಕೊಂಡು, "ಘಮ್ಮಂತದೆ ನಂಜಿ. ನಿನ್ನ ಕೈ ಅಡುಗೆ ಯಾವತ್ತೂ ಘಮಘಮ" ಎನ್ನುವನು.

"ನಂಗೆ ಘಮ ಬ್ಯಾಡ ಕಣ್ರೀ," ಎಂದಳು ಒಂದು ದಿನ ಶಿವನಂಜಮ್ಮ, ಸೆರಗನ್ನು ಬಾಯಿಗೊತ್ತಿಕೊಂಡು. "ಒಂದ್ಸಲ ಕೂಗಿ ಬಯ್ರಿ. ಸಾಕು."

ಸಾಯುವವನು ಯಾಕೆ ಬಯ್ಯುತ್ತಾನೆ? ಅವನು ಇನ್ನೊಂದು ತುತ್ತು ಹೊಗಳಿದ.

ಕಡೆಯ ಸೋಮವಾರ ಬಂತು. ಡಾಕ್ಟರು ಹೇಳಿದ ಗಡುವು ಹೇಗೂ ಬಂತು, ಎಲ್ಲ ಅಚ್ಚುಕಟ್ಟಾಗಿ ನಡೆಯಲಿ ಎಂದು ಚೆಲುವರಾಜು ತಾನೇ ಕೆಸರೆಗೆ ಹೇಳಿಕಳಿಸಿದ್ದ. ಬೆಳಗಿನ ಪೂಜೆಯ ಹೊತ್ತಿಗೆ ದಾಸಯ್ಯ ಚಿಕ್ಕಣ್ಣ ಬಂದ, ಹೆಗಲಲ್ಲಿ ಜಾಗಟೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಶಂಖ. ಬಾಗಿಲಲ್ಲೇ ನಿಂತು ದುಃಖದ ಮುಖ ಮಾಡಿಕೊಂಡು, "ಎಲ್ಲಿ ಮನಗವ್ರೆ ಪುಣ್ಯಾತ್ಮರು?" ಎಂದ.

"ಇಲ್ಲೇ ಕೂತಿದೀನಿ, ಬಾ ಚಿಕ್ಕಣ್ಣ," ಎಂದ ಪುಣ್ಯಾತ್ಮ, ಮಂಚದ ಮೇಲಿಂದ.

ಚಿಕ್ಕಣ್ಣ ಒಂದು ಹೆಜ್ಜೆ ಹಿಂದಕ್ಕೆ ಹಾರಿದ. "ಇದೇನ್ ಸಾಮಿ, ಇನ್ನೂ ಅವ್ರೆ! ಉಸ್ರಾಡೋರ್ಗೆ ನಾ ಎಂಗೆ ಊದ್ಲಿ?"

"ಆಗ್ಲೇ ಊದಿದ್ಯಂತೆ ಕಣೋ. ಡಾಕ್ಟ್ರು ಹೇಳಿದ್ರು."

ಈಗ ಚಿಕ್ಕಣ್ಣನ ಮುಖದ ದುಃಖವೆಲ್ಲ ಹೋಯಿತು. "ಊದಿದ್ಯಾ? ಯಾವನು ಊದ್ದೋನು? ನಿಮ್ ತಾತನ ಕಾಲದಿಂದ ನಿಮ್ಮನೇಗೆ ಊದಾ ಅಕ್ಕು ನಮ್ದು! ನಾನು ಬದ್ಕಿದ್ದಂಗೇ ಇನ್ನೊಬ್ಬ ಬಂದು ಊದ್ಬುಟ್ಟು ಓದ್ನಾ? ಎಸ್ರೇಳಿ ಅವುಂದು!"

"ಯಾರೂ ಊದಿಲ್ಲ ಚಿಕ್ಕಣ್ಣ, ಮೂಗೊಳಗೆ..."

"ಮೂಗೊಳ್ಗೆ ಓಗಿ ಊದವ್ನಾ! ಅಂಗೆಲ್ಲ ಊದಾ ಪದ್ಧತೀನೇ ಇಲ್ಲ!"

ಗಲಾಟೆಗೆ ವಠಾರ ಕೂಡಿತು. ಅದೇ ಹೊತ್ತಿಗೆ ಶಿವಲಿಂಗಯ್ಯನವರೂ ಬಂದರು, ಹಿಂದೆ ಕಾಳಯ್ಯ; ಮಸಾಲೆ ಕೂಡಿಸುವ ಮುಂಚೆ ಹಳೆಯ ಮನುಷ್ಯನ ಮುಖ ನೋಡಿಕೊಂಡು ಹೋಗೋಣವೆಂದು. ಪುಟ್ಟ ಕೋಣೆ ಜನದಿಂದ ತುಂಬಿತು. ಶಿವನಂಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಚೆಲುವರಾಜು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಜಗಳ ಬ್ಯಾಡ. ಒಂದು ಆಸೆ ಅದೆ. ಎಲ್ಲರಿಗೂ ಊದೋದು ಎಲ್ಲರೂ ಕೇಳಿಸ್ಕೊತಾರೆ. ತನಗೆ ಊದೋದು ಮಾತ್ರ ಯಾವ ಮನುಷ್ಯನೂ ಕೇಳಿಲ್ಲ. ಒಂದ್ಸಲ ನಾನು ಕೇಳ್ಬುಡ್ತೀನಿ. ಸಾವಿಗೆ ಅಂತ ಬ್ಯಾಡ, ಸ್ವಾಮಿಗೆ ಅಂತ ಊದು."

ಸ್ವಾಮಿಗೆ ಎಂದ ಮೇಲೆ ಚಿಕ್ಕಣ್ಣ ಇಲ್ಲವೆನ್ನುವಂತಿರಲಿಲ್ಲ. ಬಟ್ಟೆ ಬಿಚ್ಚಿ ಶಂಖ ತೆಗೆದು, ದೇವರ ಗೂಡಿನ ಕಡೆ ತಿರುಗಿ ನಮಸ್ಕರಿಸಿ, ಕಳೆದುಹೋಗಲಿದ್ದ ಹಕ್ಕನ್ನೆಲ್ಲ ಒಂದೇ ಉಸಿರಿನಲ್ಲಿ ಹಿಂದಕ್ಕೆ ಪಡೆಯುವವನಂತೆ ಊದಿದ. ಹೆಂಚು ಅದುರಿತು. ಪುಟ್ಟಬಸಮ್ಮನ ಮನೆಯಲ್ಲಿ ಗಡಿಯಾರ ಮೊಳೆಯಿಂದ ಬಿತ್ತು. ಶಂಖದ ಬಾಯಿ ನೇರವಾಗಿ ಗೂಡಿನ ಕಡೆ ತಿರುಗಿತ್ತು. ದೀಪದ ಕುಡಿ ಒಮ್ಮೆ ಹಿಂದಕ್ಕೆ ಬಾಗಿ, ಆರಿಹೋಯಿತು.

ಬತ್ತಿಯಿಂದ ಒಂದು ಎಳೆ ಹೊಗೆ ಎದ್ದು, ಯಾರ ಹತ್ತಿರ ಹೋಗಲಿ ಎಂದು ಯೋಚಿಸುವಂತೆ ನಿಂತು, ಮೆಲ್ಲಗೆ ಮಂಚದ ಕಡೆ ಸಾಗಿತು.

"ಅಯ್ಯೋ ಶಿವನೇ, ದೀಪ ಆರೋಯ್ತಲ್ಲಪ್ಪಾ!" ಎಂದು ಪುಟ್ಟಬಸಮ್ಮ ಬಾಯಿ ಬಡಿದುಕೊಳ್ಳುವುದಕ್ಕೂ, ಮಂಚದ ಮೇಲಿಂದ ಸಣ್ಣ ದನಿ ಬರುವುದಕ್ಕೂ ಸರಿಹೋಯಿತು.

"ಹರಳೆಣ್ಣೆ."

"ಏನಪ್ಪಾ?" ಎಂದರು ಶಿವಲಿಂಗ‌ಯ್ಯನವರು.

"ಹರಳೆಣ್ಣೆ ಬತ್ತಿ. ಆರಿದ್ದು." ಚೆಲುವರಾಜುವಿನ ಕಣ್ಣು ಮುಚ್ಚಿತ್ತು. ಈ ಸಲ ನಿಜವಾಗಿಯೂ ಮುಚ್ಚಿತ್ತು. "ಬುದ್ಧಿ, ನಿಮ್ಮ ಮೈಮೇಲೆ ವಿಭೂತಿ, ಕರ್ಪೂರ. ಚಿಕ್ಕಣ್ಣನ ಬಾಯಲ್ಲಿ ಕಡ್ಡಿಪುಡಿ. ಪುಟ್ಟಬಸವ್ವ ಮಂಡಿಗೆ ಬೇವಿನೆಣ್ಣೆ ತಿಕ್ಕವಳೆ. ಮೇಡಮ್ಮೋರ ಕೈಯಲ್ಲಿ ಸೀಮೆಸುಣ್ಣ. ಕಾಳಯ್ಯ, ಲೋ ಕಾಳಯ್ಯ, ಕಚೋರ ಆಗ್ಲೇ ಕುಟ್ಬುಟ್ಟು ಬಂದಿದೀಯಲ್ಲೋ, ಯಾರು ಹೇಳಿದ್ರೋ ನಿಂಗೆ? ಅದು ಕಡೇಲಿ!"

ಕಾಳಯ್ಯ ಸೊಂಟದಿಂದ ಚಿಪ್ಪಿನ ಸೌಟು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಮಂಚದ ಮೇಲೆ ಇಟ್ಟುಬಿಟ್ಟ.

"ಬತ್ತಿ ವಾಸ್ನೆ ತಿಳೀತಾ? ಹಂಗಾದ್ರೆ ಇವ್ನು ಹೋಗಾಕಿಲ್ಲ ಕಣ್ರಪ್ಪೋ!" ಎಂದು ಕೂಗಿದ ಪುಟ್ಟಬಸಮ್ಮ, ಬಿದ್ದ ಗಡಿಯಾರ ಈಗ ಯಾರದೆಂದು ನೆನಪಾಗಿ ಮನೆಗೆ ಓಡಿದಳು.

ಚಿಕ್ಕಣ್ಣ ಶಂಖವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ನಮ್ಮಪ್ಪ ಊದಿದ್ರೂ ಯಾರೂ ಎದ್ದಿರ್ನಿಲ್ಲ," ಎಂದು ಮೆಲ್ಲಗೆ ಹೇಳಿಕೊಂಡ.

"ಎದ್ದು ಬಾರಯ್ಯ, ಸ್ವಾಮಿಯ ಮಸಾಲೆ ಕಾಯ್ತಾ ಇದೆ," ಎಂದರು ಶಿವಲಿಂಗಯ್ಯನವರು. ಅವರ ಕಣ್ಣಂಚು ಒದ್ದೆಯಾಗಿತ್ತು.

ಚೆಲುವರಾಜು ಮಂಚದಿಂದ ಕಾಲಿಳಿಸಿದ. ಇಳಿಸಿದವನು, ತನ್ನ ಮೇಲುತುಟಿಯನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿ, ಹೆಂಡತಿಯ ಕಡೆ ತಿರುಗಿದ. "ನಂಜಿ, ಈ ತೀರ್ಥ ಆಸ್ಪತ್ರೆ ಮದ್ದಿನ ವಾಸ್ನೆ ಹೊಡೀತದಲ್ಲೇ?"

ಶಿವನಂಜಮ್ಮ ಇನ್ನೇನನ್ನೋ ಕಾಯುತ್ತಿದ್ದಳು.

ಅವನ ಹೊಳ್ಳೆ ಒಂದು ಸಲ ಅದುರಿತು. ತಲೆ ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿತು. ಅಷ್ಟು ಜನ ಸೇರಿದ್ದಾರೆಂಬುದನ್ನೂ ಮರೆತು ಅವನು ಕೂಗಿದ:

"ಲೇ! ಹುರುಳಿಕಟ್ಟು ತಳ ಹಿಡೀತಾ ಇದೆ!"

ಅವಳು ಓಡಲಿಲ್ಲ. ಬಾಗಿಲ ಹಿಂದಕ್ಕೆ ಸರಿದಳು. ಅಲ್ಲಿಂದ ಕಿಸಕ್ಕೆಂದು ನಗು ಕೇಳಿಸಿತು, ವರುಣದ ಹಳ್ಳಿಯ ಹಜಾರದಲ್ಲಿ ಕೇಳಿಸಿದ್ದ ಅದೇ ನಗು, ನಡುವೆ ಅಳುವೂ ಸೇರಿಕೊಂಡದ್ದು.

"ಹಿಡೀಲಿ ಬುಡಿ," ಎಂದಳು. "ನೀವು ಕೂಗ್ಲಿ ಅಂತ್ಲೇ ದಿನಾ ಒಂದು ಪಾತ್ರೆ ಸೀಯಿಸ್ತಾ ಇದ್ದೆ."